ಟ್ಯೂಬ್‌ಲೈಟ್ ತೆಗೆದು ಎಲ್‌ಇಡಿ ಹಾಕುವ ಮೊದಲು, ಲೈಟ್ ಎಲ್ಲಿರಬೇಕು ನೋಡಿ

ಪ್ರಶ್ನೆ: ಸಾಗರದ ಹತ್ತಿರ ನಮ್ಮ ಊರು. ಮನೆ ಹಿಂದೆ 10 ಅಡಿ ಅಗಲ, 14 ಅಡಿ ಉದ್ದದ ಹಂಚಿನ ಮಾಡಿನ ಹಳೇ ಕೊಟ್ಟಿಗೆ ಇದೆ. ಅದನ್ನೇ ಮರಗೆಲಸಕ್ಕೆ ಇಟ್ಟುಕೊಂಡಿದ್ದೇನೆ. ಗೋಡೆಗೆ ತಾಗಿಸಿ ಒಂದು ಬೆಂಚು, ನಡುವೆ ಟೇಬಲ್ ಸಾ (ಮೇಜಿಗೆ ಕೂರಿಸಿದ ಕರೆಂಟಿನ ಗರಗಸ), ಮೂಲೆಯಲ್ಲಿ ಚಿಕ್ಕ ಲೇತ್ (ಮರ ತಿರುಗಿಸಿ ಕಡೆಯುವ ಮೆಷಿನ್). ಮಧ್ಯದ ತೊಲೆಗೆ 36 ವ್ಯಾಟಿನ ಎರಡು ಟ್ಯೂಬ್‌ಲೈಟ್ ಇವೆ, ತಾಮ್ರದ ಚೋಕಿನವು. ಸಂಜೆ ವೋಲ್ಟೇಜ್ ಇಳಿದರೆ ಹತ್ತುವುದೇ ಇಲ್ಲ, ಹತ್ತಿದರೂ ಬೆಳಕು ಸಾಲದು. 20 ವ್ಯಾಟಿನ ಎರಡು ಎಲ್‌ಇಡಿ ಹಾಕಿದರೆ ಸಾಕಾ? ಬಿಲ್ಲಿನಲ್ಲಿ ಎಷ್ಟು ಉಳಿಯುತ್ತದೆ? ಬಿಳಿ ಬೆಳಕು ಒಳ್ಳೆಯದಾ, ಹಳದಿಯಾ?

ಉತ್ತರ: ಬಿಲ್ಲಿನ ಮಾತು ಮೊದಲು ಮುಗಿಸಿಬಿಡೋಣ. 36 ವ್ಯಾಟಿನ ಟ್ಯೂಬು ಅಂದರೂ ತಾಮ್ರದ ಚೋಕ್ ತಾನೇ 12-14 ವ್ಯಾಟ್ ತಿನ್ನುತ್ತದೆ, ಹಾಗಾಗಿ ನಿಮ್ಮ ಎರಡು ಲೈಟು ಸೇರಿ ಹತ್ತಿರ ಹತ್ತಿರ 100 ವ್ಯಾಟ್. ದಿನಾ 3 ಗಂಟೆ ಉರಿಸಿದರೆ ತಿಂಗಳಿಗೆ 9 ಯೂನಿಟ್. ಎಲ್‌ಇಡಿಗೆ ಹೋದರೂ ನಿಮಗೆ 20 ವ್ಯಾಟಿನ ನಾಲ್ಕು ಬೇಕು (ಯಾಕೆ ಅಂತ ಈಗಲೇ ಹೇಳುತ್ತೇನೆ), ಅಂದರೆ 80 ವ್ಯಾಟ್, ತಿಂಗಳಿಗೆ 7 ಯೂನಿಟ್ ಚಿಲ್ಲರೆ. ಉಳಿಯುವುದು ಎರಡು ಯೂನಿಟ್ಟಿಗೂ ಕಡಿಮೆ. ಗೃಹಜ್ಯೋತಿ ಮಿತಿಯೊಳಗೆ ಇದ್ದರಂತೂ ಅದೂ ಲೆಕ್ಕಕ್ಕೆ ಬರುವುದಿಲ್ಲ. ಆದರೂ ಹಾಕಿಸಿ ಅನ್ನುತ್ತೇನೆ. ದುಡ್ಡಿಗಲ್ಲ, ನಿಮ್ಮ ಕಣ್ಣಿಗೆ ಮತ್ತು ಬೆರಳಿಗೆ.

ಎರಡು ಯಾಕೆ ಸಾಲದು? ಒಳ್ಳೆಯ 20 ವ್ಯಾಟಿನ ಬ್ಯಾಟನ್ (ಪಟ್ಟಿಯೂ ಲೈಟೂ ಒಂದರಲ್ಲೇ ಇರುವ ಉದ್ದದ ಎಲ್‌ಇಡಿ) ಸುಮಾರು 2000 ಲ್ಯೂಮೆನ್ ಬೆಳಕು ಕೊಡುತ್ತದೆ. ಲ್ಯೂಮೆನ್ ಅಂದರೆ ಲೈಟು ಒಟ್ಟು ಚೆಲ್ಲುವ ಬೆಳಕಿನ ಅಳತೆ. ಹೊಸ ಟ್ಯೂಬು 2500ರಷ್ಟು ಕೊಡುತ್ತಿತ್ತು, ಆದರೆ ಅದು ಸುತ್ತಲೂ ಚೆಲ್ಲುತ್ತದೆ, ಅರ್ಧ ಮೇಲಕ್ಕೇ ಹೋಗುತ್ತದೆ. ಎಲ್‌ಇಡಿ ಬೆಳಕು ಹೆಚ್ಚಾಗಿ ಕೆಳಗೇ ಬೀಳುವುದರಿಂದ ಒಂದಕ್ಕೆ ಒಂದು ಸರಿಹೋಗುತ್ತದೆ. ಆದರೆ ನಿಮಗೆ ಈಗ ಇರುವ ಬೆಳಕೇ ಸಾಲುತ್ತಿಲ್ಲ ಅಲ್ವಾ? ನಿಮ್ಮ ಕೋಣೆ 13 ಚದರ ಮೀಟರ್. ಓಡಾಡಿಕೊಂಡು ಕೆಲಸ ಮಾಡಲು 300 ಲಕ್ಸ್ (ಒಂದು ಚದರ ಮೀಟರಿಗೆ 300 ಲ್ಯೂಮೆನ್) ಆದರೂ ಬೇಕು, ಅಂದರೆ ಕೆಲಸದ ಮಟ್ಟಕ್ಕೆ 3900 ಲ್ಯೂಮೆನ್ ಬಂದು ತಲುಪಬೇಕು. ಹೊಗೆ ಹಿಡಿದ ಹಂಚು, ಕಪ್ಪಾದ ಪಕಾಸು, ರೀಪು, ಮಣ್ಣಿನ ಬಣ್ಣದ ಗೋಡೆ, ಇವೆಲ್ಲ ಬೆಳಕನ್ನು ನುಂಗುತ್ತವೆ. ಅರ್ಧ ಅವಕ್ಕೇ ಹೋಯಿತು ಅಂತ ಹಿಡಿಯಿರಿ, 8000 ಲ್ಯೂಮೆನ್ ಆಯಿತು. ಹಾಗಾಗಿ ನಾಲ್ಕು. ಅದರ ಜೊತೆಗೆ ಗೋಡೆಗೆ ಒಂದು ಕೈ ಬಿಳಿ ಸುಣ್ಣ ಹೊಡೆಸಿ. ಇಷ್ಟು ಕಡಿಮೆ ಖರ್ಚಿನಲ್ಲಿ ಬೆಳಕು ಜಾಸ್ತಿ ಮಾಡುವ ದಾರಿ ಬೇರೆ ಇಲ್ಲ.

ಈಗ ಮುಖ್ಯ ವಿಷಯ: ಎಲ್ಲಿ ತೂಗುಹಾಕುತ್ತೀರಿ. ಮಧ್ಯದ ತೊಲೆಗೆ ಮಾತ್ರ ಬೇಡ. ಬೆಂಚು ಗೋಡೆಗೆ ತಾಗಿದೆ, ನೀವು ಗೋಡೆಗೆ ಮುಖ ಮಾಡಿ ನಿಲ್ಲುತ್ತೀರಿ, ಲೈಟು ಬೆನ್ನ ಹಿಂದೆ. ಬಗ್ಗಿದ ಕೂಡಲೇ ನಿಮ್ಮ ತಲೆಯ ನೆರಳು ಸರಿಯಾಗಿ ಪೆನ್ಸಿಲ್ ಗೆರೆಯ ಮೇಲೆ ಬೀಳುತ್ತದೆ. ನನ್ನ ಮೊದಲ ವರ್ಕ್‌ಶಾಪಿನಲ್ಲಿ ಹೀಗೇ ಇತ್ತು. ಕುರ್ಚಿಯ ಕಾಲಿಗೆ ತೂತು ಕೊರೆಯುವಾಗ ಉಳಿಯ ಬಾಯಿ ಗೆರೆಯ ಮೇಲಿದೆಯೋ ಗೆರೆಯ ಆಚೆಗಿದೆಯೋ ಗೊತ್ತಾಗುತ್ತಿರಲಿಲ್ಲ. ಪ್ರತಿ ಸಲ ತಲೆ ಓರೆ ಮಾಡಿ ನೋಡಬೇಕು, ಮತ್ತೆ ನೆಟ್ಟಗಾಗಿ ಹೊಡೆಯಬೇಕು. ನಾಲ್ಕು ಕಾಲಲ್ಲಿ ಎರಡು ಸಡಿಲ ಕೂತವು. ತಪ್ಪು ಕೈಯದ್ದು ಅಂದುಕೊಂಡಿದ್ದೆ. ಲೈಟನ್ನು ಎರಡು ಅಡಿ ಮುಂದೆ, ಬೆಂಚಿನ ನೇರ ಮೇಲಕ್ಕೆ ತಂದ ಮೇಲೆ ಅದೇ ಕೈಗೆ ಗೆರೆ ಸಿಕ್ಕಿತು.

ನಿಮಗೂ ಅದೇ ಹೇಳುವುದು. ಒಂದು ಬ್ಯಾಟನ್ ಬೆಂಚಿನ ಉದ್ದಕ್ಕೆ, ನಿಮ್ಮ ತಲೆಗೂ ಗೋಡೆಗೂ ನಡುವೆ ಬರುವ ಹಾಗೆ. ಇನ್ನೆರಡು ಟೇಬಲ್ ಸಾದ ಎರಡೂ ಪಕ್ಕಕ್ಕೆ, ಒಂದರ ನೆರಳನ್ನು ಇನ್ನೊಂದು ಅಳಿಸಬೇಕು. ನಾಲ್ಕನೆಯದು ಲೇತಿನ ಮೇಲೆ. ಹಂಚಿನ ಮಾಡು ಎತ್ತರವಿರುತ್ತದೆ, ಪಕಾಸಿಗೇ ಹೊಡೆದರೆ ಬೆಳಕು ಅಷ್ಟು ದೂರದಿಂದ ಬರುತ್ತಾ ಸೊರಗುತ್ತದೆ. ಸರಪಳಿ ಹಾಕಿ ನೆಲದಿಂದ 8 ಅಡಿಗೆ ಇಳಿಸಿ, ಉದ್ದದ ಹಲಗೆ ಎತ್ತಿ ತಿರುಗಿಸಿದರೂ ತಾಗಬಾರದು.

ಲೇತ್ ಅಂದಿರಲ್ಲ, ಅದರ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಲೇಬೇಕು. ನಮ್ಮ ಕರೆಂಟು 50 ಹರ್ಟ್ಜ್, ಹಾಗಾಗಿ ತಾಮ್ರದ ಚೋಕಿನ ಟ್ಯೂಬು ಸೆಕೆಂಡಿಗೆ 100 ಸಲ ಜಾಸ್ತಿ-ಕಡಿಮೆ ಆಗುತ್ತಿರುತ್ತದೆ. ಕಣ್ಣಿಗೆ ಕಾಣುವುದಿಲ್ಲ. ಲೇತ್ ನಿಮಿಷಕ್ಕೆ 1500 ಸುತ್ತು ತಿರುಗುತ್ತಿದೆ ಅಂದುಕೊಳ್ಳಿ, ಸೆಕೆಂಡಿಗೆ 25 ಸುತ್ತು. ಬೆಳಕಿನ ಒಂದು ಮಿಡಿತದಿಂದ ಇನ್ನೊಂದಕ್ಕೆ ಸರಿಯಾಗಿ ಕಾಲು ಸುತ್ತು. ಲೇತಿನಲ್ಲಿ ಮರವನ್ನು ಕಚ್ಚಿ ಹಿಡಿದು ತಿರುಗಿಸುವ ಭಾಗ ಚಕ್, ಅದರ ಹಿಡಿತದ ಹಲ್ಲುಗಳು ಜಾ. ನಾಲ್ಕು ಜಾ ಇರುವ ಚಕ್ ಕಾಲು ಸುತ್ತು ತಿರುಗಿದರೆ ಮೊದಲಿನ ಹಾಗೇ ಕಾಣುತ್ತದೆ. ತಿರುಗುತ್ತಿರುವ ಚಕ್ ಹೆಚ್ಚುಕಡಿಮೆ ನಿಂತಂತೆ ಕಂಡು, ಪಕ್ಕದಲ್ಲಿ ಇನ್ನೊಂದು ಮೆಷಿನ್ ಸದ್ದು ಇದ್ದಾಗ, ಕೈ ಹಾಕಿದವರಿದ್ದಾರೆ.

ಎಲ್‌ಇಡಿ ಹಾಕಿದರೆ ಈ ತೊಂದರೆ ತಾನಾಗಿ ಹೋಗುತ್ತದೆ ಅಂತ ಅಂಗಡಿಯಲ್ಲಿ ಹೇಳುತ್ತಾರೆ. ನಿಜವಲ್ಲ. ಟ್ಯೂಬಿನ ಒಳಗಿನ ಬಿಳಿ ಪುಡಿ ಕರೆಂಟು ಇಳಿದ ಗಳಿಗೆಯಲ್ಲೂ ಸ್ವಲ್ಪ ಹೊತ್ತು ಹೊಳೆಯುತ್ತಿರುತ್ತದೆ, ಎಲ್‌ಇಡಿಯಲ್ಲಿ ಆ ಹೊಳಪು ಕ್ಷಣ ಮಾತ್ರವೂ ಉಳಿಯುವುದಿಲ್ಲ. ಒಳಗೆ ಸರಿಯಾದ ಡ್ರೈವರ್ (ಎಲ್‌ಇಡಿಗೆ ಬೇಕಾದ ಹಾಗೆ ಕರೆಂಟು ಹದ ಮಾಡಿ ಕೊಡುವ ಭಾಗ) ಇಲ್ಲದ ಅಗ್ಗದ ಎಲ್‌ಇಡಿ ನಿಮ್ಮ ಹಳೇ ಟ್ಯೂಬಿಗಿಂತ ಕೆಟ್ಟದಾಗಿ ಮಿಡಿಯಬಹುದು. ಅಂಗಡಿಯಲ್ಲೇ ಪರೀಕ್ಷೆ ಮಾಡಿ. ಹಚ್ಚಿಸಿ, ಮೊಬೈಲಿನಲ್ಲಿ ಸ್ಲೋ ಮೋಷನ್ ಇಟ್ಟು ಲೈಟಿನ ಕೆಳಗಿನ ಗೋಡೆಯ ವಿಡಿಯೊ ತೆಗೆಯಿರಿ. ಬೆಳಕು ಏರಿಳಿದರೆ ಅಥವಾ ಪಟ್ಟೆ ಓಡಿದರೆ ವಾಪಸ್ ಕೊಡಿ. ಮೊಬೈಲ್ ಇಲ್ಲದಿದ್ದರೆ ಒಂದು ಪೆನ್ಸಿಲನ್ನು ಲೈಟಿನ ಕೆಳಗೆ ಜೋರಾಗಿ ಆಡಿಸಿ. ಒಂದೇ ಮಬ್ಬಾದ ಬೀಸಣಿಗೆ ಹಾಗೆ ಕಂಡರೆ ಸರಿ, ಬಿಡಿಬಿಡಿಯಾಗಿ ಹತ್ತು ಪೆನ್ಸಿಲ್ ಕಂಡರೆ ಬೇಡ. ಪೆಟ್ಟಿಗೆ ಮೇಲೆ ಬಿಐಎಸ್ (ಸರ್ಕಾರದ ಗುಣಮಟ್ಟ ಸಂಸ್ಥೆ) ಗುರುತು, ರಿಜಿಸ್ಟ್ರೇಶನ್ ನಂಬರ್ ಇದೆಯಾ ನೋಡಿ. ವೋಲ್ಟೇಜ್ ಮಿತಿಯನ್ನೂ ಓದಿ. 140ರಿಂದ 280 ವೋಲ್ಟ್ ಅಂತೇನಾದರೂ ಇದ್ದರೆ ನಿಮ್ಮ ಸಂಜೆಯ ವೋಲ್ಟೇಜಿಗೆ ತೊಂದರೆಯಿಲ್ಲ. ಸರ್ಜ್ ತಡೆ (ಒಮ್ಮೆಲೇ ನುಗ್ಗುವ ವೋಲ್ಟೇಜ್ ತಾಳುವ ಶಕ್ತಿ) 4 ಕೆವಿ, ಅಂದರೆ 4000 ವೋಲ್ಟ್, ಅಂತ ಬರೆದದ್ದನ್ನೇ ತಗೊಳ್ಳಿ, ಮಲೆನಾಡಿನ ಸಿಡಿಲಿಗೆ ಡ್ರೈವರ್ ಸುಟ್ಟುಹೋಗುವುದು ಸಾಮಾನ್ಯ. ಗುಡುಗು ಶುರುವಾದರೆ ಎಂಸಿಬಿ (ಫ್ಯೂಸಿನ ಬದಲು ಇರುವ, ತಾನೇ ಬೀಳುವ ಸ್ವಿಚ್) ಇಳಿಸುವುದು ಇನ್ನೂ ಒಳ್ಳೆಯದು.

ಬಣ್ಣದ ಪ್ರಶ್ನೆಗೆ: 6500 ಕೆಲ್ವಿನ್‌ನ ನೀಲಿ ಬಿಳಿಯೂ ಬೇಡ, 3000ದ ಹಳದಿಯೂ ಬೇಡ. 4000 ತಗೊಳ್ಳಿ, ನಾಲ್ಕೂ ಒಂದೇ ಇರಲಿ. ಪಾಲಿಶ್, ಬಣ್ಣ ಹೊಂದಿಸುವ ಕೆಲಸ ಜಾಸ್ತಿ ಇದ್ದರೆ ಸಿಆರ್‌ಐ (ಬಣ್ಣವನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಅನ್ನುವ ಅಳತೆ, 100ಕ್ಕೆ ಪೂರ್ತಿ) 90 ಇರುವ ಒಂದಾದರೂ ಬೆಂಚಿನ ಮೇಲಿರಲಿ, ಉಳಿದದ್ದಕ್ಕೆ 80 ಸಾಕು. ಸಿಆರ್‌ಐ ಕಡಿಮೆಯ ಬಿಳಿ ಬೆಳಕಿನಲ್ಲಿ ಸಾಗುವಾನಿ ಸಪ್ಪೆಯಾಗಿ ಕಾಣುತ್ತದೆ. ನೀವು ಅದಕ್ಕೆ ಬಣ್ಣ ಜಾಸ್ತಿ ಹಾಕುತ್ತೀರಿ, ಬೆಳಿಗ್ಗೆ ಅಂಗಳಕ್ಕೆ ತಂದು ನೋಡಿದರೆ ಕೆಂಪಗಾಗಿರುತ್ತದೆ.

ಇನ್ನೊಂದು ವಿಷಯ. ಕೋಣೆ ತುಂಬಾ ಬೆಳಕಾದ ಮೇಲೆ ಮರಳು ಕಾಗದದ ಗೀರು ಕಾಣುವುದಿಲ್ಲ, ಬೆಳಕು ಎಲ್ಲ ಕಡೆಯಿಂದ ಬಂದು ಅದನ್ನು ಮುಚ್ಚಿಬಿಡುತ್ತದೆ. ಪಾಲಿಶ್ ಹಚ್ಚುವ ಮೊದಲು ಮೇಲಿನವನ್ನೆಲ್ಲ ಆರಿಸಿ, ಒಂದು ಟಾರ್ಚನ್ನು ಹಲಗೆಯ ಮೇಲೆ ಮಲಗಿಸಿದ ಹಾಗೆ ಹಿಡಿಯಿರಿ. ಒಂದೊಂದು ಗೀರೂ ಎದ್ದು ನಿಲ್ಲುತ್ತದೆ.

ವೈರಿಂಗ್ ಮಾಡುವವರಿಗೆ ಎರಡು ಮಾತು ಹೇಳಿ. ಲೈಟಿನ ಲೈನು ಟೇಬಲ್ ಸಾದ ಲೈನಿನಿಂದ ಬೇರೆ ಇರಬೇಕು, ಎಂಸಿಬಿಯೂ ಬೇರೆ. ಬ್ಲೇಡ್ ಸಿಕ್ಕಿಕೊಂಡು ಟ್ರಿಪ್ ಆದಾಗ ಕೋಣೆಯೂ ಕತ್ತಲಾಗಬಾರದು. ಕರೆಂಟು ಹೋದ ಮೇಲೂ ಬ್ಲೇಡು ಎಷ್ಟೋ ಸೆಕೆಂಡು ತಿರುಗುತ್ತಿರುತ್ತದೆ, ಅದಕ್ಕೇ ಸಾದ ಪಕ್ಕದ ಒಂದು ಲೈಟನ್ನು ಮನೆಯ ಇನ್ವರ್ಟರಿಗೆ ಕೊಡಿ. 20 ವ್ಯಾಟು ಬ್ಯಾಟರಿಗೆ ಭಾರವಲ್ಲ.

ಪ್ರಶ್ನೆ: ನಮ್ಮ ಹಳೇ ಟ್ಯೂಬ್‌ಲೈಟಿನ ಪಟ್ಟಿಗಳು ಗಟ್ಟಿಮುಟ್ಟಾಗಿವೆ. ಅದರಲ್ಲೇ ಎಲ್‌ಇಡಿ ಟ್ಯೂಬು ಹಾಕಬಹುದಾ? ಚೋಕ್ ಇರಲಾ, ತೆಗೆಯಬೇಕಾ? (ಹುಬ್ಬಳ್ಳಿಯ ಓದುಗರು)

ಉತ್ತರ: ಹಾಕಬಹುದು, ಆದರೆ ಟ್ಯೂಬಿನ ಪೆಟ್ಟಿಗೆ ಮೇಲಿನ ಚಿತ್ರ ನೋಡದೆ ಕೈ ಹಾಕಬೇಡಿ. ಕೆಲವಕ್ಕೆ ಚೋಕ್ ಇದ್ದರೂ ನಡೆಯುತ್ತದೆ, ಸ್ಟಾರ್ಟರ್ ಬದಲು ಅವರೇ ಕೊಡುವ ಡಮ್ಮಿ ಹಾಕಬೇಕು. ಕೆಲವಕ್ಕೆ ಚೋಕ್, ಸ್ಟಾರ್ಟರ್ ಎರಡೂ ತೆಗೆದು ನೇರ ಫೇಸ್, ನ್ಯೂಟ್ರಲ್ ಕೊಡಬೇಕು. ಈ ನೇರ ಕೊಡುವುದರಲ್ಲಿ ಎರಡು ಬಗೆ. ಒಂದೇ ತುದಿಗೆ ಫೇಸ್ ಮತ್ತು ನ್ಯೂಟ್ರಲ್ ಹೋಗುವುದು, ಅಥವಾ ಒಂದು ತುದಿಗೆ ಫೇಸ್, ಇನ್ನೊಂದಕ್ಕೆ ನ್ಯೂಟ್ರಲ್. ಎರಡನೇ ಬಗೆಯಲ್ಲಿ ಅಪಾಯವಿದೆ. ನಾನು ಒಮ್ಮೆ ಸ್ಟೂಲ್ ಮೇಲೆ ನಿಂತು ಸ್ವಿಚ್ ಆರಿಸದೆ ಅಂಥ ಟ್ಯೂಬು ಹಾಕಿದೆ. ಒಂದು ತುದಿ ಹೋಲ್ಡರಿನಲ್ಲಿ ಕೂತಿತು, ಇನ್ನೊಂದು ತುದಿಯ ಪಿನ್ನಿನ ಮೇಲೆ ಹೆಬ್ಬೆರಳಿತ್ತು. ಕರೆಂಟು ಟ್ಯೂಬಿನ ಒಳಗಿಂದ ಹಾದು ಪಿನ್ನಿಗೆ ಬಂದಿತ್ತು. ಮೊಣಕೈವರೆಗೆ ಹೊಡೆಯಿತು, ಬೀಳದೆ ಉಳಿದದ್ದು ತೊಲೆ ಹಿಡಿದಿದ್ದರಿಂದ. ಅದಕ್ಕೇ ಒಂದೇ ತುದಿಯದನ್ನು ತಗೊಳ್ಳಿ, ಎಂಸಿಬಿ ಇಳಿಸಿ ಟೆಸ್ಟರ್ ಇಟ್ಟು ನೋಡಿ ಹಾಕಿ. ವೈರಿಂಗ್ ಬದಲಿಸಿದ ಪಟ್ಟಿಯ ಮೇಲೆ "ಎಲ್‌ಇಡಿ ಮಾತ್ರ" ಅಂತ ಮಾಸದ ಪೆನ್ನಿನಲ್ಲಿ ಬರೆಯಿರಿ. ನಾಳೆ ಗೊತ್ತಿಲ್ಲದೆ ಯಾರೋ ಹಳೇ ಟ್ಯೂಬು ಸಿಕ್ಕಿಸಬಾರದು. ನನ್ನನ್ನು ಕೇಳಿದರೆ, ಹೋಲ್ಡರ್ ಸಡಿಲಾಗಿದ್ದರೆ ಪಟ್ಟಿಯ ಆಸೆ ಬಿಟ್ಟು ಪೂರ್ತಿ ಹೊಸ ಬ್ಯಾಟನ್ ಹಾಕಿ.

ಪ್ರಶ್ನೆ: ತೆಗೆದ ಟ್ಯೂಬುಗಳನ್ನು ಕಸದ ಗಾಡಿಗೆ ಹಾಕಬಹುದಾ?

ಉತ್ತರ: ಬೇಡ. ಒಂದೊಂದರಲ್ಲೂ ಕೆಲವು ಮಿಲಿಗ್ರಾಂ ಪಾದರಸ ಇದೆ. ಇದೇ ಕಾರಣಕ್ಕೆ 2027ರ ಕೊನೆಯೊಳಗೆ ಇವುಗಳ ತಯಾರಿಕೆ, ಆಮದು, ರಫ್ತು ನಿಲ್ಲಿಸಬೇಕು ಅಂತ ಮಿನಮಾಟ ಒಪ್ಪಂದದ (ಪಾದರಸದ ಬಳಕೆ ತಗ್ಗಿಸುವ ಅಂತರರಾಷ್ಟ್ರೀಯ ಒಪ್ಪಂದ) ದೇಶಗಳು 2023ರಲ್ಲಿ ತೀರ್ಮಾನಿಸಿವೆ. ನಮ್ಮಲ್ಲಿ 2022ರ ಇ-ತ್ಯಾಜ್ಯ ನಿಯಮಗಳಲ್ಲಿ ಟ್ಯೂಬ್‌ಲೈಟೂ ಸೇರಿದೆ, ಹಾಗಾಗಿ ಹೊಸ ಟ್ಯೂಬಿನ ರಟ್ಟಿನ ಕವರಿನಲ್ಲೇ ಹಳೆಯದನ್ನು ತೂರಿಸಿಟ್ಟು, ಇ-ತ್ಯಾಜ್ಯ ತಗೊಳ್ಳುವವರಿಗೆ ಕೊಡಿ. ಕೈತಪ್ಪಿ ಒಡೆದರೆ ಕಿಟಕಿ ತೆಗೆದು ಹದಿನೈದು ನಿಮಿಷ ಹೊರಗಿರಿ, ಮಕ್ಕಳನ್ನೂ ಕರೆದುಕೊಂಡು. ಪೊರಕೆ ಹಾಕಬೇಡಿ, ಪುಡಿ ಹಾರುತ್ತದೆ. ಎರಡು ರಟ್ಟಿನಿಂದ ಬಾಚಿ, ಸಣ್ಣ ಚೂರನ್ನು ಅಂಟು ಟೇಪಿನಿಂದ ಒತ್ತಿ ತೆಗೆದು, ಮುಚ್ಚಳ ಇರುವ ಡಬ್ಬಿಗೆ ಹಾಕಿ ಭದ್ರ ಮಾಡಿ.