ಟಿಬೆಟನ್ ಒತ್ತಕ್ಷರಕ್ಕೆ ಹಲಂತ ಏಕಿಲ್ಲ?

ಪ್ರಶ್ನೆ: ದುರ್ಗದಬೈಲಿನ ಹತ್ತಿರ ನನ್ನದೊಂದು ಡಿಟಿಪಿ ಅಂಗಡಿಯಿದೆ. ಮುಂಡಗೋಡದ ಟಿಬೆಟನ್ ಕ್ಯಾಂಪಿನಿಂದ ಬಂದ ಆಮಂತ್ರಣ ಪತ್ರಿಕೆಯ ಕಡತದಲ್ಲಿ ‘ಓಂ ಮಣಿ ಪದ್ಮೇ ಹೂಂ’ ಎಂಬ ಸಾಲು ಟಿಬೆಟನ್ ಲಿಪಿಯಲ್ಲಿತ್ತು. ಅದರ ‘ದ್ಮೇ’ಯನ್ನು ಹಿಂದಿನಿಂದ ಅಳಿಸುತ್ತ ಹೋದರೆ, ಕನ್ನಡದಲ್ಲಿ ಆಗುವಂತೆ ‘ದ್’ ಉಳಿಯದೆ ನೇರವಾಗಿ ‘ದ’ ಉಳಿಯಿತು. ಅಕ್ಷರಕ್ಕೆ ಸ್ವರವಿಲ್ಲವೆಂದು ತೋರಿಸುವ ನಡುವಿನ ಚಿಹ್ನೆ, ಹಲಂತ, ಎಲ್ಲಿ ಹೋಯಿತು? ನನ್ನ ಹಳೆಯ ಪುಟವಿನ್ಯಾಸ ತಂತ್ರಾಂಶದಲ್ಲಿ ಇದೇ ಸಾಲು ಒಡೆದು ಕಾಣುವುದೇಕೆ?
– ಓದುಗರು, ಹುಬ್ಬಳ್ಳಿ

ಉತ್ತರ: ಅಲ್ಲಿ ಹಲಂತ ಇರಲೇ ಇಲ್ಲ. ಕನ್ನಡದ ‘ದ್ಮ’ ಯೂನಿಕೋಡಿನಲ್ಲಿ (ಕಂಪ್ಯೂಟರಿನಲ್ಲಿ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆಯನ್ನು ಸಂಕೇತವಾಗಿ ಕೊಡುವ ಜಾಗತಿಕ ಪದ್ಧತಿಯಲ್ಲಿ) ದ, ಹಲಂತ, ಮ ಎಂಬ ಮೂರು ಸಂಕೇತಗಳಾಗಿ ಕೂಡುತ್ತದೆ. ಒತ್ತಿನ ಆಕಾರವನ್ನು ಕೊಡುವುದು ಫಾಂಟಿನ ಕೆಲಸ. ಟಿಬೆಟನ್ನಿನಲ್ಲಿ ಒತ್ತಿಗೇ ಸ್ವಂತ ಸಂಕೇತವಿದೆ. ದಶಮಾನದಲ್ಲಿ ಹೇಳುವುದಾದರೆ ಅಲ್ಲಿಯ ‘ದ’ 3921, ಬಿಡಿ ‘ಮ’ 3928, ಕೆಳಗೆ ಕೂರುವ ‘ಮ’ 4008. ಅಂದರೆ ಬಿಡಿ ಅಕ್ಷರದಿಂದ ಸರಿಯಾಗಿ 80 ಮನೆ ಮುಂದೆ ಅದರ ಒತ್ತು ಇರುತ್ತದೆ. ಆದ್ದರಿಂದಲೇ ‘ಏ’ಕಾರವನ್ನೂ ಒತ್ತನ್ನೂ ಅಳಿಸಿದೊಡನೆ ನಿಮಗೆ ಪೂರ್ಣ ‘ದ’ ಸಿಕ್ಕಿತು.

ಮೊದಲು ಹೀಗಿರಲಿಲ್ಲ. 1991ರ ಯೂನಿಕೋಡ್ 1.0 ಟಿಬೆಟನ್ನಿಗೂ ನಮ್ಮ ಹಲಂತದ ಪದ್ಧತಿಯನ್ನೇ ತೊಡಿಸಿತ್ತು. ಕಣ್ಣಿಗೆ ಕಾಣಬೇಕಾದ ಹಲಂತ ಯಾವುದು, ಒತ್ತನ್ನು ಕಟ್ಟುವ ಹಲಂತ ಯಾವುದು ಎಂಬ ಭೇದ ಅದರಲ್ಲಿ ನಿಲ್ಲಲಿಲ್ಲವಾದ್ದರಿಂದ ಅದನ್ನು ಬೇಗನೆ ಕೈಬಿಟ್ಟು, 1996ರ ಆವೃತ್ತಿ 2.0ರಲ್ಲಿ ಈಗಿನ ಕ್ರಮವನ್ನು ತಂದರು. ಇದೇ ತೊಡಕು ಕನ್ನಡದಲ್ಲಿ ಇಂದಿಗೂ ಇದೆ: ‘ರಾಜ್‌ಕುಮಾರ್’ ಎಂದು ಬರೆಯಲು ‘ಜ್’ ಆದ ಮೇಲೆ ಕಣ್ಣಿಗೆ ಕಾಣದ ತಡೆಸಂಕೇತವೊಂದನ್ನು ಹಾಕದಿದ್ದರೆ ಅದು ‘ರಾಜ್ಕುಮಾರ್’ ಆಗುತ್ತದೆ. ಟಿಬೆಟನ್ನರಿಗೆ ಈ ಕಾಟವಿಲ್ಲ. ಅವರ ದಿನನಿತ್ಯದ ಬರವಣಿಗೆಯಲ್ಲಿ ಸ್ವರವಿಲ್ಲದ ಅಕ್ಷರ ಕೊನೆಗೆ ಬಂದರೂ ಹಲಂತ ಹಾಕುವ ರೂಢಿಯಿಲ್ಲ, ಉಚ್ಚಾರದ ಗುಂಪು ಮುಗಿಯಿತೆಂದು ಒಂದು ಚುಕ್ಕಿ ಇಡುತ್ತಾರೆ, ಅಷ್ಟೆ. ಬರೆಯುವವರು ಇಡದ ಚಿಹ್ನೆಯನ್ನು ಕಂಪ್ಯೂಟರಿಗಾಗಿ ನಡುವೆ ತುರುಕದೆ ಬಿಟ್ಟದ್ದು ಆ ಲಿಪಿಗೆ ಸಲ್ಲಿಸಿದ ನ್ಯಾಯವೆಂದೇ ನನ್ನ ಭಾವನೆ.

ಮುಂದೆ ಚೀನಾ ದೇಶವು ಅಕ್ಷರವೂ ಒತ್ತೂ ಕೂಡಿದ ಟಿಬೆಟನ್ ಸಿದ್ಧ ಜೋಡಣೆಗಳಿಗೆ, 900ಕ್ಕೂ ಹೆಚ್ಚು, ಬೇರೆಬೇರೆ ಸಂಕೇತ ಕೇಳಿತ್ತು. ಬಿಡಿ ಅಕ್ಷರ ಮತ್ತು ಒತ್ತುಗಳಿಂದಲೇ ಅವೆಲ್ಲ ಮೂಡುವುದರಿಂದ ಅದಕ್ಕೆ ಒಪ್ಪಿಗೆ ಸಿಗಲಿಲ್ಲ.

ಸಾಲು ಒಡೆದು ಕಾಣುವುದಕ್ಕೆ ಕಡತದ ಮೇಲೆ ಅನುಮಾನಪಡಬೇಡಿ, ಮತ್ತೆ ಟೈಪ್ ಮಾಡಲೂ ಹೋಗಬೇಡಿ. ಒತ್ತನ್ನು ಅದರ ಮೇಲಿನ ಅಕ್ಷರಕ್ಕೆ ಹೊಂದಿಸಿ ಕೂರಿಸುವ ಕೆಲಸ ಫಾಂಟಿಗೂ ತಂತ್ರಾಂಶಕ್ಕೂ ಸೇರಿದ್ದು. ಹಳೆಯ ತಂತ್ರಾಂಶಕ್ಕೆ ಅದು ತಿಳಿಯದು. ಯೂನಿಕೋಡ್ ಟಿಬೆಟನ್ ಫಾಂಟು ಹಾಕಿ ಹೊಸ ತಂತ್ರಾಂಶದಲ್ಲಿ ತೆರೆಯಿರಿ, ಮುಂಡಗೋಡದವರಿಂದ ಪಿಡಿಎಫ್ ಪ್ರತಿಯನ್ನೂ ತರಿಸಿಕೊಂಡು ಒಂದೊಂದು ಜೋಡಣೆಯನ್ನೂ ತಾಳೆ ನೋಡಿದ ಮೇಲೆಯೇ ಅಚ್ಚಿಗೆ ಕೊಡಿ.