ಎಂಆರ್‌ಐ ಸರಿಯಿದ್ದರೂ ತಲೆಯೊಳಗೆ ಎಲೆಕ್ಟ್ರೋಡ್ ಏಕೆ?

ಗದಗಿನವರಾದ ತಮಗೆ ನಮಸ್ಕಾರ. ಹುಬ್ಬಳ್ಳಿಯಲ್ಲಿ ಮಾಡಿಸಿದ ಇಇಜಿ (ಮಿದುಳಿನ ವಿದ್ಯುತ್ ಸಂಕೇತಗಳ ದಾಖಲೆ), ಎಂಆರ್‌ಐ ಎರಡೂ ಸರಿಯಿರುವಾಗ, ಫಿಟ್ಸ್ ಬರುವ ನಿಮ್ಮ ತಮ್ಮನ ತಲೆಬುರುಡೆಯೊಳಗೆ ಎಲೆಕ್ಟ್ರೋಡ್ (ಆ ಸಂಕೇತ ಹಿಡಿಯುವ ತೆಳು ತಂತಿ) ಇಡುವ ಅಗತ್ಯವೇನೆಂದು ಕೇಳಿದ್ದೀರಿ. ಅರ್ಧ ಗಂಟೆಯ ಇಇಜಿ ಫಿಟ್ಸ್ ಇಲ್ಲದ ವೇಳೆಯಲ್ಲಿ ಸರಿಯಾಗಿಯೇ ಕಾಣಬಹುದು; ಆದ್ದರಿಂದ ಮೊದಲು ಆಸ್ಪತ್ರೆಯಲ್ಲೇ ಇರಿಸಿಕೊಂಡು, ಮಾತ್ರೆ ತಗ್ಗಿಸಿ (ಮನೆಯಲ್ಲಿ ಇದನ್ನು ಎಂದಿಗೂ ಮಾಡಬೇಡಿ), ಫಿಟ್ಸ್ ಬರುವುದನ್ನೇ ವಿಡಿಯೊ ಸಮೇತ ದಾಖಲಿಸುತ್ತಾರೆ. ತಲೆಬುರುಡೆಯ ಮೂಳೆ ಸಂಕೇತವನ್ನು ಮಸುಕಾಗಿಸುವುದರಿಂದ ಅಲ್ಲಿಯೂ ಮೂಲ ತಿಳಿಯದಿದ್ದರೆ, ಸಣ್ಣ ರಂಧ್ರಗಳ ಮೂಲಕ ಸುಮಾರು 1 ಮಿಲಿಮೀಟರ್ ದಪ್ಪದ ಎಲೆಕ್ಟ್ರೋಡ್‌ಗಳನ್ನು ಮಿದುಳಿನ ಆಳಕ್ಕಿಳಿಸಿ, ಫಿಟ್ಸ್ ಮೊದಲು ಎಲ್ಲಿ ಏಳುತ್ತದೆಂದು ನೋಡುತ್ತಾರೆ; ಆ ಭಾಗವನ್ನು ಶಸ್ತ್ರಚಿಕಿತ್ಸೆಯಿಂದ ತೆಗೆಯಬಹುದೇ ಎಂದು ತಿಳಿಯುವುದೇ ಇದರ ಉದ್ದೇಶ. ಅವುಗಳಲ್ಲೇ ಲಘು ವಿದ್ಯುತ್ ಹರಿಸಿ, ಚಿತ್ರ ತೋರಿಸಿ ಹೆಸರು ಹೇಳಿಸುವುದೂ ಉಂಟು. ಮಾತು ತಡವರಿಸಿದರೆ ಆ ಜಾಗವನ್ನು ಉಳಿಸಲು ನೋಡುತ್ತಾರೆ. ರಕ್ತಸ್ರಾವ, ಸೋಂಕಿನ ಅಪಾಯ ಕಡಿಮೆಯಾದರೂ ಇಲ್ಲದಿಲ್ಲ. ಇಷ್ಟಾದ ಮೇಲೂ ಶಸ್ತ್ರಚಿಕಿತ್ಸೆ ಸಾಧ್ಯವಿಲ್ಲವೆನ್ನಬಹುದು. ಹಾಗಾದರೆ ಮುಂದೇನೆಂದು ವೈದ್ಯರನ್ನು ಈಗಲೇ ಕೇಳಿಕೊಳ್ಳಿ.