ಅಪ್ಪನ ಲೆಡ್ಜರ್ ಬಿಡಿಸಿ ಕಂಪ್ಯೂಟರ್ ಹಿಡಿಸೋದು ಹೇಗೆ? ಮೊದಲು ತಂತಿಗೆ ಚುಚ್ಚಿದ ಚೀಟಿ ಎಣಿಸಿ

ಚಿಂತಾಮಣಿಯವರು ಕೇಳಿರೋದು ಇಷ್ಟು: ಅಪ್ಪನ ಹೋಲ್‌ಸೇಲ್ ಕಿರಾಣಿ ಅಂಗಡಿ, ಕೈಯಲ್ಲಿ 70,000 ರೂಪಾಯಿಯ ಸಾಫ್ಟ್‌ವೇರ್ ಕೊಟೇಶನ್, ಅಪ್ಪನೂ ಒಪ್ಪುತ್ತಿಲ್ಲ, ಲೆಕ್ಕ ಬರೆಯೋ ಹಳೇ ರೈಟರೂ ಒಪ್ಪುತ್ತಿಲ್ಲ. ಇವರ 'ಹಳೇ ಮೆಂಟಾಲಿಟಿ' ಬದಲಾಯಿಸೋದು ಹೇಗೆ? ನಮ್ಮಂಥ ಸಣ್ಣ ವ್ಯಾಪಾರದಲ್ಲಿ ಟೆಕ್ನಾಲಜಿಗೆ ಅಡ್ಡ ಬರೋದು ಏನು?

ಓದುತ್ತಿದ್ದರೆ 2019ರ ನಾನೇ ಕೂತು ಬರೆದ ಹಾಗಿದೆ. 'ಮೆಂಟಾಲಿಟಿ' ಅನ್ನೋ ಪದ ಕೂಡ ನಂದೇ.

ನಮ್ಮದು ತುಮಕೂರು ಮಂಡಿಪೇಟೆ. ಅಕ್ಕಿ, ಬೇಳೆ, ಸಕ್ಕರೆ, ಬೆಲ್ಲ, ಎಣ್ಣೆ. ಗಿರಾಕಿಗಳೆಲ್ಲ ಹಳ್ಳಿ ಅಂಗಡಿಯವರು: ಗುಬ್ಬಿ ಕಡೆ, ಕೊರಟಗೆರೆ ಕಡೆ, ಹೆಬ್ಬೂರು, ಗೂಳೂರು. ಹಿಂದಿನ ಲೋಡಿನ ದುಡ್ಡು ಕೊಟ್ಟು ಮುಂದಿನ ಲೋಡು ಎತ್ತೋದು ಪದ್ಧತಿ. ಅದೂ ಪೂರ್ತಿ ಕೊಡಲ್ಲ, ಒಂದಿಷ್ಟು ಬಾಕಿ ಇದ್ದೇ ಇರುತ್ತೆ. ಬಾಕಿ ಪೂರ್ತಿ ತೀರಿಸಿದ ಅಂದರೆ ಬೇರೆ ಅಂಗಡಿ ನೋಡ್ಕೊಂಡ ಅಂತಲೇ ನಮ್ಮಪ್ಪನ ಲೆಕ್ಕ.

ಕಂಪ್ಯೂಟರ್ ಮೊದಲೇ ಬಂದಿತ್ತು. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂತಲ್ಲ, ಆಡಿಟರ್ ಫೋನ್ ಮಾಡಿ "ಇನ್ಮೇಲೆ ಕೈಬಿಲ್ ತಂದ್ರೆ ನಾನು ಮುಟ್ಟಲ್ಲ" ಅಂದರು, ನಮ್ಮಪ್ಪ ಅದೇ ವಾರ ತಂದರು. ಮುಂದಿನ ಏಪ್ರಿಲ್‌ನಲ್ಲಿ ಮಾಲು ಸಾಗಿಸೋಕೆ ಇ-ವೇ ಬಿಲ್ ಬಂತು, ಅದನ್ನೂ ಕಲಿತರು. ಆಗ ಯಾರ ಮೆಂಟಾಲಿಟಿಯೂ ಅಡ್ಡ ಬರಲಿಲ್ಲ. ಎಸ್‌ಎಸ್‌ಎಲ್‌ಸಿ ಓದಿದ ನಮ್ಮ ರೈಟರು ಎರಡು ತಿಂಗಳಲ್ಲಿ ಒಂದೊಂದು ಮಾಲಿನ ಎಚ್‌ಎಸ್‌ಎನ್ ನಂಬರ್ (ಜಿಎಸ್‌ಟಿ ಬಿಲ್‌ನಲ್ಲಿ ಹಾಕೋ ಕೋಡ್) ಬಾಯಿಪಾಠ ಹೇಳುತ್ತಿದ್ದರು. ಆದರೆ ಕಂಪ್ಯೂಟರ್ ಬರೀ ಬಿಲ್‌ಗೆ. ಉದ್ರಿ ಮಾತ್ರ ಕೆಂಪು ಬಟ್ಟೆ ಹೊದಿಸಿದ ಲೆಡ್ಜರ್‌ನಲ್ಲೇ ಉಳಿಯಿತು.

ಬೆಂಗಳೂರಲ್ಲಿ ಮೂರು ವರ್ಷ ಕೆಲಸ ಮಾಡಿ ವಾಪಸ್ ಬಂದ ನನಗೆ ಆ ಲೆಡ್ಜರ್ ಕಂಡರೇ ಮೈ ಉರಿಯೋದು. ಫೋನಲ್ಲಿ ಒಂದು ಉದ್ರಿ ಆಪ್ ಹಾಕಿಕೊಂಡೆ. ದುಡ್ಡಿಲ್ಲ ಕಾಸಿಲ್ಲ, ಫ್ರೀ. ಗಿರಾಕಿ ಹೆಸರು, ನಂಬರ್, ಬಾಕಿ ಹಾಕಿದರೆ ಆಪೇ ಗಿರಾಕಿಗೆ ಮೆಸೇಜ್ ಕಳಿಸುತ್ತೆ. ರೈಟರಿಗೆ ಹೇಳಿದರೆ ಕೊಂಕು ತೆಗೀತಾರೆ ಅಂತ ಹೇಳಲಿಲ್ಲ. ಶುಕ್ರವಾರ ರಾತ್ರಿ ಲೆಡ್ಜರ್ ಮನೆಗೆ ಹೊತ್ತುಕೊಂಡು ಹೋಗಿ, ಬೆಳಗಿನ ಜಾವ ಮೂರೂವರೆವರೆಗೆ ಕೂತು, 214 ಖಾತೆ ಹಾಕಿದೆ. ಒಂದು ಅಂಕಿ ತಪ್ಪಿಲ್ಲ. ಇವತ್ತಿಗೂ ಹೇಳ್ತೀನಿ, ಲೆಡ್ಜರ್‌ನಲ್ಲಿ ಇದ್ದದ್ದನ್ನ ಇದ್ದ ಹಾಗೇ ಇಳಿಸಿದ್ದೆ. ಕೊನೆಗೆ 'ಎಲ್ಲರಿಗೂ ಕಳಿಸಿ' ಒತ್ತಿ ಮಲಗಿದೆ.

ತಪ್ಪು ಎಲ್ಲಾಯಿತು ಅನ್ನೋದನ್ನ ಬಿಡಿಸಿ ಹೇಳ್ತೀನಿ, ಸ್ವಲ್ಪ ಉದ್ದ ಆದರೂ ಓದಿ.

ನಮ್ಮ ಅಂಗಡಿ ಗೋಡೆಯಲ್ಲಿ ಒಂದು ಮೊಳೆ, ಮೊಳೆಗೆ ಒಂದು ಕೊಕ್ಕೆ ತಂತಿ. ಟೆಂಪೊ ಡ್ರೈವರ್ ಮಾಲು ಇಳಿಸಿ ವಾಪಸ್ ಬರುವಾಗ ಅಂಗಡಿಯವರು ಕೊಟ್ಟ ದುಡ್ಡು ತರುತ್ತಾನೆ. ರೈಟರು ಎಣಿಸಿಕೊಂಡು ಒಂದು ಚೀಟಿ ಬರೆಯುತ್ತಾರೆ. ಚೀಟಿ ಅಂದರೆ ಬೀಡಿ ಕಟ್ಟಿನ ಕಾಗದವೋ, ಕ್ಯಾಲೆಂಡರ್ ಹಾಳೆ ಹರಿದದ್ದೋ. 'ಹೆಬ್ಬೂರು ಬೇವಿನಮರ, 12,000, ಡ್ರೈವರ್ ಕೈಲಿ'. ಅಷ್ಟೇ. ಬೇವಿನಮರ ಅನ್ನೋದು ಆ ಅಂಗಡಿಗೆ ರೈಟರು ಇಟ್ಟ ಗುರುತು. ಅದನ್ನ ತಂತಿಗೆ ಚುಚ್ಚುತ್ತಾರೆ. ದುಡ್ಡು ಅವತ್ತೇ ಕಿರ್ದಿಗೆ (ದಿನದ ಲೆಕ್ಕದ ಪುಸ್ತಕಕ್ಕೆ) ಒಟ್ಟು ಜಮಾ ಆಗುತ್ತೆ, ಆದರೆ ಯಾರ್ಯಾರ ಖಾತೆಗೆ ಎಷ್ಟೆಷ್ಟು ಅಂತ ಲೆಡ್ಜರ್‌ಗೆ ಏರಿಸೋದು ಅಮಾವಾಸ್ಯೆಗೊಮ್ಮೆ. ಅವತ್ತು ಲೋಡಿಂಗ್ ಇಲ್ಲ, ಹಮಾಲಿಗಳಿಗೆ ರಜ, ರೈಟರು ನೆಮ್ಮದಿಯಾಗಿ ಕೂತು ಒಂದೊಂದೇ ಚೀಟಿ ತಂತಿಯಿಂದ ಬಿಡಿಸಿ ಬರೀತಾರೆ. ಅಂದರೆ ನಮ್ಮ ಲೆಡ್ಜರ್ ಸರಿ ಇರೋದು ತಿಂಗಳಿಗೊಂದೇ ದಿನ, ಅಮಾವಾಸ್ಯೆ ಸಂಜೆ. ಉಳಿದ ದಿನ ಲೆಡ್ಜರೂ ತಂತಿಯೂ ಸೇರಿದರೇ ಲೆಕ್ಕ. ಇದು ಅಂಗಡಿಯಲ್ಲಿ ಎಲ್ಲರಿಗೂ ಗೊತ್ತು. ಮೂಟೆ ಹೊರುವವನಿಗೂ ಗೊತ್ತು. ಗೊತ್ತಿಲ್ಲದವನು ನಾನೊಬ್ಬನೇ.

ನಾನು ಲೆಡ್ಜರ್ ಹೊತ್ತುಕೊಂಡು ಹೋದದ್ದು ಅಮಾವಾಸ್ಯೆಯ ಹಿಂದಿನ ರಾತ್ರಿ. ತಂತಿ ಭರ್ತಿಯಾಗಿರೋ ರಾತ್ರಿ. ಅದೂ ಗಣೇಶನ ಹಬ್ಬ ಆದ ತಿಂಗಳು. ಹಬ್ಬಕ್ಕೆ ಎತ್ತಿದ ಬೆಲ್ಲ, ಬೇಳೆ, ಎಣ್ಣೆಯ ದುಡ್ಡೆಲ್ಲ ಆ ತಿಂಗಳಲ್ಲೇ ಬರೋದು. 63 ಚೀಟಿ ಇದ್ದವು ಅಂತ ಆಮೇಲೆ ಎಣಿಸಿದಾಗ ಗೊತ್ತಾಯಿತು. ಹತ್ತು ದಿನ ಮುಂಚೆ ಮಾಡಿದ್ದರೆ ಅರ್ಧ ತಪ್ಪಾಗುತ್ತಿತ್ತು, ಒಂದೇ ದಿನ ಬಿಟ್ಟು ಮಾಡಿದ್ದರೆ ತಪ್ಪೇ ಆಗುತ್ತಿರಲಿಲ್ಲ.

ಇನ್ನೊಂದಿದೆ. ಅದು ಬರೀ ಅಮಾವಾಸ್ಯೆ ಅಲ್ಲ, ಮಹಾಲಯ ಅಮಾವಾಸ್ಯೆ, ಸೆಪ್ಟೆಂಬರ್ 28. ಊರೂರಲ್ಲಿ ಹಿರಿಯರಿಗೆ ಎಡೆ ಇಡೋ ದಿನ. ಮನೆ ತುಂಬ ನೆಂಟರು. ಅವತ್ತು ಬೆಳಗ್ಗೆ ಟಣ್ ಅಂತ ಇಂಗ್ಲಿಷ್‌ನಲ್ಲಿ ಮೆಸೇಜು: ಇಂಥ ಅಂಗಡಿಗೆ ನಿಮ್ಮಿಂದ ಇಷ್ಟು ಬಾಕಿ ಇದೆ, ಕೂಡಲೇ ಪಾವತಿಸಿ. ಓದಲು ಬಾರದ ಯಜಮಾನರು ಮಗನ ಕೈಗೋ ಅಳಿಯನ ಕೈಗೋ ಫೋನ್ ಕೊಟ್ಟು ಓದಿಸಿದ್ದಾರೆ. ಅಳಿಯನ ಎದುರು ಸಾಲದ ಲೆಕ್ಕ!

ಸೋಮವಾರ ಕೊರಟಗೆರೆ ಕಡೆಯ ಒಬ್ಬರು ಬಂದರು. ನಮ್ಮ ಹತ್ತಿರ ಇಪ್ಪತ್ತೆರಡು ವರ್ಷದ ವ್ಯವಹಾರ. ಗಾದಿ ಮೇಲೆ ಕೂರಲಿಲ್ಲ. ಟವೆಲ್ ಗಂಟು ಬಿಚ್ಚಿ ನೋಟು ಎಣಿಸಿ ಇಟ್ಟರು, 38,400. ನನ್ನ ಮೆಸೇಜಿನಲ್ಲಿ ಇದ್ದ ಅಂಕಿ. ಹದಿನೈದು ದಿನದ ಹಿಂದೆ ಅದರಲ್ಲಿ 30,000 ಡ್ರೈವರ್ ಕೈಲಿ ಕಳಿಸಿದ್ದರು, ಚೀಟಿ ತಂತಿಯಲ್ಲಿತ್ತು. ಆ ಮಾತನ್ನ ಅವರು ಎತ್ತಲೇ ಇಲ್ಲ. "ಯಜಮಾನ್ರೇ, ಖಾತೆ ಹೊಡೆದಾಕ್ಬುಡಿ" ಅಂದರು, ಅಷ್ಟೇ.

ರೈಟರು ಎದ್ದು ಹೋಗಿ ಚೀಟಿ ಹುಡುಕಿ ತೆಗೆದು ಮೇಜಿನ ಮೇಲಿಟ್ಟರು. ನನ್ನ ಕಡೆ ತಿರುಗಿ "ಚಿಕ್ ಯಜಮಾನ್ರೇ, ಒಂದು ಮಾತು ಕೇಳಿದ್ರೆ ನಾನೇ ಬರ್ಕೊಡ್ತಿದ್ನಲ್ಲ" ಅಂದರು. ಬೈದಿದ್ದರೆ ವಾಸಿಯಿತ್ತು. ಮಾರನೇ ದಿನ ನಮ್ಮಪ್ಪ 30,000 ತಗೊಂಡು ಅವರ ಮನೆಗೆ ಹೋಗಿ ಕೊಟ್ಟು ಬಂದರು. ಕಾಫಿ ಕೊಟ್ಟು ಚೆನ್ನಾಗೇ ಮಾತಾಡಿಸಿದರಂತೆ. ಲೋಡು ಮಾತ್ರ ಮತ್ತೆ ಎತ್ತಲಿಲ್ಲ. ಹೀಗೆ ಹೋದವರು ಒಟ್ಟು 17 ಜನ. ಫ್ರೀ ಆಪ್‌ಗೆ ನಾವು ಕೊಟ್ಟ ಬೆಲೆ ಅದು.

ಈಗ ನಿಮ್ಮ ಪ್ರಶ್ನೆ. ನೀವು ಕೇಳಿರೋ ರೀತಿಯೇ ಸರಿ ಇಲ್ಲ ಅಂತೀನಿ, ಬೇಜಾರು ಮಾಡ್ಕೋಬೇಡಿ. ಮೆಂಟಾಲಿಟಿ ಅನ್ನೋದು ಏನೂ ಇಲ್ಲ. ನಮ್ಮ ಹಮಾಲಿಗಳನ್ನೇ ನೋಡಿ. ಯುಪಿಐ ಸೌಂಡ್‌ಬಾಕ್ಸ್ ತಂದಿಟ್ಟ ದಿನವೇ ಒಪ್ಪಿಕೊಂಡರು. ಯಾರೂ ಟ್ರೇನಿಂಗ್ ಕೊಡಲಿಲ್ಲ. ಇಷ್ಟು ರೂಪಾಯಿ ಬಂತು ಅಂತ ಅದು ಕನ್ನಡದಲ್ಲಿ ಕೂಗುತ್ತೆ, ಎಲ್ಲರಿಗೂ ಕೇಳುತ್ತೆ, ಮುಗೀತು. ಸಣ್ಣ ಅಕ್ಷರ ಕಾಣದ ನಮ್ಮ ರೈಟರಿಗೆ ಅದೆಂದರೆ ಪ್ರಾಣ. ಎಂಬಿಎ ಓದಿದ ನನ್ನ ತಂಗಿ ಇದಕ್ಕೂ ಥಿಯರಿ ಇದೆ ಅಂತಾಳೆ: ಉಪಯೋಗ ಇದೆ ಅನ್ನಿಸಬೇಕು, ಸುಲಭ ಅನ್ನಿಸಬೇಕು, ಆಗ ಜನ ಬಳಸ್ತಾರೆ ಅಂತ ಫ್ರೆಡ್ ಡೇವಿಸ್ ಅನ್ನೋರು 1989ರಲ್ಲೇ ಬರೆದಿದ್ದಾರಂತೆ. ಯಾರಿಗೆ ಉಪಯೋಗ ಅನ್ನೋದು ಮುಖ್ಯ. ನನ್ನ ಆಪ್‌ನಿಂದ ರೈಟರಿಗೆ ಏನು ಉಪಯೋಗ ಇತ್ತು? ಅವರ ಮೂವತ್ತು ವರ್ಷದ ಕೆಲಸ ಹೋಗುತ್ತಿತ್ತು, ಅಷ್ಟೇ.

ಭಯವೂ ಒಂದು ಕಾರಣ, ಅದನ್ನ ಅಜ್ಞಾನ ಅನ್ನಬೇಡಿ. 2025ರ ಜುಲೈನಲ್ಲಿ ಯುಪಿಐ ಜಮಾ ನೋಡಿ, ವರ್ಷದ ವ್ಯಾಪಾರ 40 ಲಕ್ಷ ದಾಟಿದೆ ಅಂತ ಸಣ್ಣ ಅಂಗಡಿಯವರಿಗೆ ವಾಣಿಜ್ಯ ತೆರಿಗೆ ನೋಟಿಸ್ ಹೋದವಲ್ಲ, ನಮ್ಮ ಗಿರಾಕಿಗಳಲ್ಲೇ ಎಷ್ಟೋ ಜನ ಕ್ಯೂಆರ್ ಸ್ಟಿಕ್ಕರ್ ಕಿತ್ತು ಹಾಕಿದರು. ಐದಾರು ವರ್ಷ ಆರಾಮಾಗಿ ಬಳಸಿದವರೇ ಅವರು. ಆ ವಾರ ಅವರ ಮೆಂಟಾಲಿಟಿ ಹಿಂದಕ್ಕೆ ಹೋಯಿತಾ?

ದುಡ್ಡು ಅಡ್ಡ ಅಂತೀರಾ, 70,000 ದೊಡ್ಡದೇ. ಆದರೆ ನನ್ನದು ಸೊನ್ನೆ ರೂಪಾಯಿಯದು, ಹಾಳಾಗಲಿಲ್ಲವೇ?

ತಂಗಿಯ ಪುಸ್ತಕದಲ್ಲಿ ನನಗೆ ಮನಸ್ಸಿಗೆ ಹತ್ತಿದ್ದು ಇನ್ನೊಂದು. ಅಮೆರಿಕದ ಅಯೋವಾ ರಾಜ್ಯದಲ್ಲಿ ಹೈಬ್ರಿಡ್ ಮುಸುಕಿನ ಜೋಳ ರೈತರಲ್ಲಿ ಹೇಗೆ ಹರಡಿತು ಅಂತ ರಯಾನ್, ಗ್ರಾಸ್ ಅನ್ನೋ ಇಬ್ಬರು 1943ರಲ್ಲಿ ಬರೆದರಂತೆ. ಬೀಜದ ಸುದ್ದಿ ಹೆಚ್ಚಿನವರಿಗೆ ಮೊದಲು ಮುಟ್ಟಿದ್ದು ಸೇಲ್ಸ್‌ಮನ್‌ನಿಂದ. ಬಿತ್ತೋ ಧೈರ್ಯ ಬಂದದ್ದು ಪಕ್ಕದ ಹೊಲದವನಿಂದ. ಅದೂ ಮೊದಲ ವರ್ಷವೇ ಹೊಲಪೂರ್ತಿ ಅಲ್ಲ, ಒಂದು ತುಂಡು ಜಾಗಕ್ಕೆ. ನಮ್ಮ ಗೂಳೂರಿನ ರೈತನೂ ಜಿಪಿಯು-28 ಅನ್ನೋ ರಾಗಿ ತಳಿ ಬಂದಾಗ ಹೀಗೇ ಮೂಲೆಗೆ ಹಾಕಿ ನೋಡಿರುತ್ತಾನೆ. ನಾನೊಬ್ಬ ಬೆಂಗಳೂರಿಂದ ಬಂದು ಒಂದೇ ರಾತ್ರಿಗೆ 214 ಎಕರೆ ಬಿತ್ತಿದೆ.

ಎರಡನೇ ಸಲ ನಾವು ಶುರು ಮಾಡಿದ್ದು ಖಾಲಿ ಗೋಣಿಚೀಲದಿಂದ. ನಗಬೇಡಿ. ಯಾವ ಅಂಗಡಿಯಿಂದ ಎಷ್ಟು ಖಾಲಿ ಚೀಲ ವಾಪಸ್ ಬಂತು ಅನ್ನೋ ಲೆಕ್ಕ. ತಪ್ಪಾದರೂ ಯಾರ ಮಾನವೂ ಹೋಗಲ್ಲ. ಬಿಕಾಂ ಮುಗಿಸಿದ ಹುಡುಗಿಯೊಬ್ಬಳನ್ನ ಕೆಲಸಕ್ಕೆ ತಗೊಂಡೆವು, ರೈಟರು ಹೇಳೋದು, ಅವಳು ಕನ್ನಡದಲ್ಲೇ ಟೈಪ್ ಮಾಡೋದು. ಖಾತೆ ಹೆಸರು ರೈಟರು ಕರೆಯೋ ಹಾಗೇ: 'ಹೆಬ್ಬೂರು ಬೇವಿನಮರ'. ನಾಲ್ಕು ತಿಂಗಳಾದ ಮೇಲೆ ಸ್ಟಾಕು. ಉದ್ರಿ ಏರಿಸಿದ್ದು ಕಟ್ಟಕಡೆಗೆ, ಅದೂ ಒಂದು ಅಮಾವಾಸ್ಯೆ ಸಂಜೆ, ತಂತಿ ಖಾಲಿ ಮಾಡಿ. ಆಮೇಲೂ ಆರು ಅಮಾವಾಸ್ಯೆ ಲೆಡ್ಜರ್, ಕಂಪ್ಯೂಟರ್ ಎರಡೂ ಇಟ್ಟು ತಾಳೆ ನೋಡಿದೆವು. ಮೆಸೇಜ್ ಬಟನ್ ಇವತ್ತಿಗೂ ಆಫ್. ಬಾಕಿ ಕೇಳೋದಿದ್ದರೆ ನಮ್ಮಪ್ಪ ಫೋನ್ ಮಾಡ್ತಾರೆ. ಮೊದಲ ಐದು ನಿಮಿಷ ಮಳೆ ಬೆಳೆ ಮಾತು, ಕೊನೆಗೆ ದುಡ್ಡಿನ ಸುದ್ದಿ.

ಕಂಪ್ಯೂಟರ್‌ನಿಂದ ಲಾಭ ಆಗಲಿಲ್ಲ ಅಂತಲ್ಲ. 2022ರ ಜುಲೈ 18ರಿಂದ ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಅಕ್ಕಿಗೆ, 25 ಕೆಜಿವರೆಗೆ, 5% ಜಿಎಸ್‌ಟಿ ಬಿತ್ತಲ್ಲ, ಮಿಲ್‌ನವರು 26 ಕೆಜಿ ಚೀಲ ಕಳಿಸೋಕೆ ಶುರು ಮಾಡಿದರು. ಗೋಡೌನ್‌ನಲ್ಲಿ ಎರಡೂ ಒಂದರ ಪಕ್ಕ ಒಂದು, ನೋಡೋಕೆ ಅವಳಿಜವಳಿ, ಒಂದಕ್ಕೆ ತೆರಿಗೆ, ಒಂದಕ್ಕಿಲ್ಲ. ಕೈಲೆಕ್ಕದಲ್ಲಿ ಇದ್ದಿದ್ದರೆ ಗೊಂದಲದಲ್ಲಿ ಸಾಯುತ್ತಿದ್ದೆವು. 'ಅಕ್ಕಿ 25', 'ಅಕ್ಕಿ 26' ಅಂತ ಬೇರೆ ಬೇರೆ ಐಟಂ ಮಾಡಿಸಿ, ಆ ಹುಡುಗಿ ಪಕ್ಕ ನಿಂತು ಚೀಲ ಎಣಿಸಿದ್ದು ಯಾರು ಹೇಳಿ? ನಮ್ಮ ರೈಟರೇ.

ಯಾವ ಸಾಫ್ಟ್‌ವೇರ್ ಒಳ್ಳೇದು ಅಂತ ಕೆಳಗೆ ಬೇರೆಯವರು ಬರೆದಿದ್ದಾರೆ, ನಾನು ಬರೆಯಲ್ಲ. ಈ ತಿಂಗಳು ಆ ಕೊಟೇಶನ್‌ಗೆ ಸಹಿ ಹಾಕಬೇಡಿ. ಮುಂದಿನ ಅಮಾವಾಸ್ಯೆ ನಿಮ್ಮ ರೈಟರ ಪಕ್ಕ ಒಂದು ಸ್ಟೂಲ್ ಹಾಕ್ಕೊಂಡು ಬೆಳಗಿಂದ ಸಂಜೆವರೆಗೆ ಕೂತ್ಕೊಳ್ಳಿ, ಫೋನ್ ಜೇಬಲ್ಲಿರಲಿ. ನಿಮ್ಮಲ್ಲೂ ಎಲ್ಲೋ ಒಂದು ತಂತಿ ಇರುತ್ತೆ. ಡಬ್ಬಿಯೋ, ಗಾದಿ ಕೆಳಗಿನ ಪಾಕೆಟ್ ಬುಕ್ಕೋ, ಅಥವಾ ಅಪ್ಪನ ತಲೆಯೋ. ಸಿಕ್ಕಮೇಲೆ ಇಲ್ಲೇ ಕಾಮೆಂಟ್ ಹಾಕಿ, ಯಾವುದನ್ನ ಮೊದಲು ಏರಿಸಬಹುದು ಅಂತ ಹೇಳ್ತೀನಿ. ಭಾನುವಾರ ಸಂಜೆ ಬಿಟ್ಟರೆ ನಾನು ಆನ್‌ಲೈನ್ ಬರೋದು ಕಮ್ಮಿ.